ಹರ್ಷನ ಬಾಯಿಪಾಠ

ನನ್ನ ತಮ್ಮನ ಗಂಟಲಿನ ಗುಳಿಯ ಮೇಲೆ ಅಮ್ಮ ಪೌಡರ್ ಹಚ್ಚುತ್ತಿದ್ದಳು. ಆಸ್ಪತ್ರೆಯಲ್ಲಿ ಉಸಿರಾಟಕ್ಕೆಂದು ತೂತು ಮಾಡಿ ಕೊಳವೆ ಹಾಕಿದ್ದ ಜಾಗ ಅದು. ತೂತು ಮುಚ್ಚಿತ್ತು, ಗುರುತು ಉಳಿದಿತ್ತು. ಹಚ್ಚಿ, ಒರೆಸಿ, ಮತ್ತೆ ಹಚ್ಚಿ, ಕೊನೆಗೆ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿ ಹಿಂದೆ ಸರಿದು ನೋಡಿದಳು. ಮಾರಲು ಹೊರಟ ಎಮ್ಮೆಯ ಮೈ ತಿಕ್ಕಿ ಕೊಂಬಿಗೆ ಎಣ್ಣೆ ಸವರುವವರನ್ನು ನಾನು ನೋಡಿದ್ದೇನೆ. ಅವರೂ ಇಷ್ಟು ಮುತುವರ್ಜಿ ವಹಿಸುವುದಿಲ್ಲ.

"ಗುರುತು ಕಾಣುತ್ತಾ?" ಎಂದು ನನ್ನನ್ನು ಕೇಳಿದಳು.

"ಕಾಣುತ್ತೆ" ಎಂದೆ. ಕಾಣುತ್ತಿರಲಿಲ್ಲ. ಹೊಟ್ಟೆ ಉರಿದು ಹಾಗಂದೆ. ಅವಳು ಮತ್ತೆ ಡಬ್ಬಿ ಎತ್ತಿಕೊಂಡಳು. ಹರ್ಷ ಗದ್ದ ಮೇಲೆತ್ತಿ ಕೂತೇ ಇದ್ದ. ಇಳಿಸು ಎಂದು ಯಾರೂ ಹೇಳಿರಲಿಲ್ಲ.

ಅವತ್ತು ಭಾನುವಾರ. ಗಾಜನೂರಿನಿಂದ ಸಿರಿಯ ತಂದೆ ಪರಮೇಶಪ್ಪನವರು ಮದುವೆಯ ದಿನ ಗೊತ್ತುಮಾಡಲು ಬರುವವರಿದ್ದರು. ಸಿರಿಗೂ ಹರ್ಷನಿಗೂ ನಿಶ್ಚಿತಾರ್ಥ ಆದದ್ದು ಕಳೆದ ಮಳೆಗಾಲ ಶುರುವಾಗುವ ಮುಂಚೆ. ಆಗ ನನ್ನ ತಮ್ಮ ಹರ್ಷವರ್ಧನ ಒಳ್ಳೆಯ ಸರ್ವೇಯರ್. ಹೊಲ, ತೋಟ, ಸೈಟು ಅಳೆದುಕೊಡುತ್ತ ಭದ್ರಾವತಿ ತಾಲ್ಲೂಕೆಲ್ಲ ಸುತ್ತುತ್ತಿದ್ದ. ಗಡಿಜಗಳದಲ್ಲಿ ಮಚ್ಚು ಎತ್ತಿಕೊಂಡು ನಿಂತವರನ್ನೂ ಮಾತಾಡಿ ನಗಿಸಿ ಸಮಾಧಾನ ಮಾಡಿ ಬರುತ್ತಿದ್ದ ಹುಡುಗ. ನಿಶ್ಚಿತಾರ್ಥದ ಮುಂದಿನ ತಿಂಗಳು ಒಂದು ಸಂಜೆ ಶಿವಮೊಗ್ಗದಿಂದ ವಾಪಸು ಬರುವಾಗ ಮಾಚೇನಹಳ್ಳಿಯ ಹತ್ತಿರ ಅವನ ಬೈಕು ಡಿವೈಡರಿಗೆ ಹೊಡೆಯಿತು. ಹೆಲ್ಮೆಟ್ ಇತ್ತು, ಮೊಣಕೈಯಲ್ಲಿ. ಪೊಲೀಸರು ಕಂಡಾಗ ತಲೆಗೆ ಹಾಕುವುದು, ದಾಟಿದ ಮೇಲೆ ತೆಗೆದು ಮೊಣಕೈಗೆ ಸಿಕ್ಕಿಸಿಕೊಳ್ಳುವುದು ನಮ್ಮ ಕಡೆಯ ಗಂಡಸರ ಜಾಣತನ. ಅವನ ಮೊಣಕೈಗೆ ಒಂದು ಗೀರೂ ಬೀಳಲಿಲ್ಲ.

ಹಿಂದೆಯೇ ಓಮ್ನಿ ಓಡಿಸಿಕೊಂಡು ಬರುತ್ತಿದ್ದ ಅವನ ಸ್ನೇಹಿತ ರಿಜ್ವಾನ್ ಎತ್ತಿ ಹಾಕಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ. ಮೊದಲ ಸ್ಕ್ಯಾನಿನಲ್ಲಿ ಬುರುಡೆ ಒಡೆದಿರಲಿಲ್ಲ, ರಕ್ತ ಹೆಪ್ಪುಗಟ್ಟಿರಲಿಲ್ಲ. ಹೆಚ್ಚುಕಡಿಮೆ ನಾರ್ಮಲ್ ಎಂದರು. ಆದರೆ ಅವನು ಕಣ್ಣು ಬಿಡಲಿಲ್ಲ. ವಾರಗಟ್ಟಲೆ ಬಿಡಲಿಲ್ಲ. ಆಮೇಲೆ ಎಂಆರ್‌ಐ ಮಾಡಿಸಿ ನರರೋಗದ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಹೆಪ್ಪಾದ ಮೊಸರಿನ ಪಾತ್ರೆ ಜೋರಾಗಿ ಕುಲುಕಿದ್ರೆ ಏನಾಗುತ್ತೆ ಹೇಳಿ. ಪಾತ್ರೆ ಚೆನ್ನಾಗೇ ಇರುತ್ತೆ. ಮೆದುಳಿನ ಒಳಗೆ ಕೂದಲಿಗಿಂತ ಸಣ್ಣ ನರದ ಎಳೆಗಳಿರ್ತವೆ, ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯೋವು. ತಲೆ ರಪ್ಪಂತ ತಿರುಗಿದಾಗ ಅವು ಜಗ್ಗಿ ಹರಿದಿವೆ. ಒಂದು ಕಡೆ ಅಲ್ಲ, ಎಲ್ಲಾ ಕಡೆ. ಅದಕ್ಕೆ ಆಪರೇಷನ್ ಇಲ್ಲ. ಎಚ್ಚರ ಆಗಬಹುದು, ಓಡಾಡಬಹುದು. ಆದ್ರೆ ಮುಂಚಿನ ಮನುಷ್ಯ ಸಿಗ್ತಾನೆ ಅಂತ ನಾನು ಹೇಳಲ್ಲ."

ನಾನು ಕೇಳಿಸಿಕೊಂಡೆ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅಮ್ಮನ ಕಿವಿಗೆ ಬಿದ್ದದ್ದು 'ಓಡಾಡಬಹುದು' ಎನ್ನುವ ಮಾತು ಮಾತ್ರ. ಅವಳ ತಮ್ಮ ಧರ್ಮೇಂದ್ರ ಮಾವ ಅದನ್ನೂ ಕೇಳಿಸಿಕೊಳ್ಳಲಿಲ್ಲ. ಎಂಆರ್‌ಐಯನ್ನು ಬೀರುವಿನ ತಳಕ್ಕೆ ತುರುಕಿ, ಮೊದಲು ತೆಗೆದ ಸ್ಕ್ಯಾನಿನ ಫಿಲ್ಮು ಹಿಡಿದುಕೊಂಡು ಊರೆಲ್ಲ ಸುತ್ತಿದ. ಬಂದವರ ಮುಂದೆ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, "ನೋಡಿ, ಏನೂ ಇಲ್ಲ, ಸ್ವಚ್ಛ" ಎನ್ನುತ್ತಿದ್ದ. ಅಡಿಕೆ ಮಂಡಿಯ ದಲ್ಲಾಳಿ ಅವನು. ಮೂಟೆಯ ಬಾಯಿಗೆ ಯಾವ ಅಡಿಕೆ ಇಡಬೇಕು, ತಳಕ್ಕೆ ಯಾವುದನ್ನು ತಳ್ಳಬೇಕು ಎನ್ನುವುದು ಅವನಿಗೆ ರಕ್ತದಲ್ಲೇ ಬಂದಿದೆ. ಚಕ್ಕುಲಿ ತಿಂದ ಬೆರಳಿನ ಜಿಡ್ಡು ಆ ಫಿಲ್ಮಿನ ತುಂಬ ಮೆತ್ತಿಕೊಂಡಿತ್ತು. ನನ್ನ ತಮ್ಮನ ತಲೆಯ ಮೇಲೆ ಅವನ ಹೆಬ್ಬೆಟ್ಟು.

ಡಾಕ್ಟರಮ್ಮ ಹೇಳಿದ ಹಾಗೆಯೇ ಆಯಿತು. ಹರ್ಷನಿಗೆ ಎಚ್ಚರವಾಯಿತು, ಮಾತು ಬಂತು, ನಡೆದಾಡಿದ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿಗೆ ಕರೆತಂದೆವು. ಅಪ್ಪ ಪುಟ್ಟಯ್ಯ ಕೆಲಸ ಮಾಡಿದ ಪೇಪರ್ ಮಿಲ್ಲು ನಿಂತು ವರ್ಷಗಳಾಗಿವೆ. ಅಕ್ಕಪಕ್ಕದ ಮನೆಗಳು ಖಾಲಿಯಾಗಿ ಕಿಟಕಿಗಳೊಳಗೆ ಗಿಡ ಎದ್ದಿವೆ. ಆದರೂ ನೋಡಲು ಬರುವವರಿಗೇನೂ ಬರವಿರಲಿಲ್ಲ. ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ, ಆಮೇಲೆ ಮಂಚದ ಪಕ್ಕ ಕೂತು ಅವನ ಎದುರಿನಲ್ಲೇ, ಹೀಗೇ ಬಿದ್ದ ಇನ್ಯಾವನೋ ಹೇಗೆ ಸತ್ತ ಎನ್ನುವ ಕಥೆ. ಕಾಫಿ ಕುಡಿದು ಮೀಸೆ ಒರೆಸಿಕೊಂಡು ಏಳುವ ಮುಂಚೆ ಅವನನ್ನು ಮಾತಾಡಿಸುತ್ತಿದ್ದರು. ಊಟ ಆಯ್ತಾ? ಆಯ್ತು, ನಿಮ್ದು? ಹೇಗಿದೀಯಪ್ಪ? ಚೆನ್ನಾಗಿದೀನಿ, ಮನೇಲೆಲ್ಲ ಹುಷಾರಾ? ಮಳೆ ಜೋರಾ? ಪರವಾಗಿಲ್ಲ. ಇಷ್ಟಕ್ಕೆ ಅವರು ಹುಬ್ಬು ಹಾರಿಸಿ, "ಪುಷ್ಪಮ್ಮ, ನಿಮ್ಮ ಮಗ ಗೆದ್ದು ಬಂದ ಬಿಡಿ" ಎಂದು ಎದ್ದು ಹೋಗುತ್ತಿದ್ದರು.

ಗೆದ್ದು ಬಂದವನು ಅವರು ಗೇಟು ದಾಟುವಷ್ಟರಲ್ಲಿ ಯಾರು ಬಂದಿದ್ದರೆಂದು ಮರೆತಿರುತ್ತಿದ್ದ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಹೊಸದೇನೂ ತಲೆಯೊಳಗೆ ನಿಲ್ಲುತ್ತಿರಲಿಲ್ಲ, ಹಳೆಯದೆಲ್ಲ ಇತ್ತು. ಸಿರಿ ಗೊತ್ತು, ಉಂಗುರ ಗೊತ್ತು, ಮದುವೆ ಆಗಬೇಕಿರುವುದು ಗೊತ್ತು. ಏಳು ಎಂದರೆ ಏಳುತ್ತಿದ್ದ, ಅನ್ನದಿದ್ದರೆ ಸಂಜೆಯವರೆಗೂ ಕೂತೇ ಇರುತ್ತಿದ್ದ. ಬಚ್ಚಲಿಗೆ ಹೋಗು ಎಂದು ನೆನಪು ಮಾಡದಿದ್ದರೆ ಕೂತಲ್ಲೇ ಆಗುತ್ತಿತ್ತು. ಒಮ್ಮೊಮ್ಮೆ ಏಕಾಏಕಿ ಸಿಟ್ಟು ಬಂದು ತಟ್ಟೆ ಎಸೆಯುತ್ತಿದ್ದ. ಒಂದು ಸಲ ಅಮ್ಮನ ಕಪಾಳಕ್ಕೂ ಹೊಡೆದ. ಆಮೇಲೆ ಅವಳ ಕೆನ್ನೆ ನೋಡಿ, "ಏನಾಯ್ತಮ್ಮ, ಹಲ್ಲುನೋವಾ?" ಎಂದು ಕೇಳಿದ.

ನಾನು ಶಿವಮೊಗ್ಗದ ಗೋಪಾಳದಲ್ಲಿ ಒಬ್ಬಳೇ ಇರುವವಳು. ಹೆಸರು ಮಂಜುಶ್ರೀ, ಒಂದು ಪ್ರೈವೇಟ್ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗಂಡನ ಜೊತೆ ಏಗಿ ಏಗಿ ಸಾಕಾಗಿ ಬಿಟ್ಟು ಬಂದು, ಕೋರ್ಟು ಕಚೇರಿ ಮುಗಿಸಿ, ಒಂದು ಪುಟ್ಟ ಬಾಡಿಗೆ ಮನೆ ಹಿಡಿದು, ಬೇಕಾದಾಗ ಉಂಡು ಬೇಕಾದಾಗ ಮಲಗುವ ಸುಖ ಈಗಷ್ಟೇ ಸಿಕ್ಕಿತ್ತು. ಬಾಯಿಪಾಠ ಮಾಡಿಕೊಂಡು ಬರುವ ಮಕ್ಕಳನ್ನು ಹಿಡಿಯುವುದು ನನ್ನ ದಿನನಿತ್ಯದ ಕೆಲಸ. ಪ್ರಶ್ನೆಯನ್ನು ಕೊಂಚ ತಿರುಗಿಸಿದರೆ ಸಾಕು, ಕಣ್ಣು ಕಣ್ಣು ಬಿಡುತ್ತವೆ. ಹರ್ಷನದ್ದು ಬಾಯಿಪಾಠ ಎಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ಆದರೆ ನಮ್ಮ ಜನ ಪ್ರಶ್ನೆಯನ್ನು ತಿರುಗಿಸುವುದಿಲ್ಲ. ಹುಟ್ಟಿದಾಗಿನಿಂದ ಅದೇ ನಾಲ್ಕು ಪ್ರಶ್ನೆ ಕೇಳಿ, ಅದೇ ನಾಲ್ಕು ಉತ್ತರ ಕೊಟ್ಟು, ಅದನ್ನೇ ಸಂಬಂಧ ಎನ್ನುತ್ತಾರೆ. ಅಷ್ಟನ್ನು ಮಾಡಲು ನನ್ನ ತಮ್ಮನ ಹರಿದ ಮೆದುಳು ಧಾರಾಳ ಸಾಕಾಗುತ್ತಿತ್ತು.

ಇದನ್ನು ಮಾವ ನನಗಿಂತ ಮುಂಚೆ ಕಂಡುಕೊಂಡಿದ್ದ. ಪರಮೇಶಪ್ಪನವರು ಬರುವ ಸುದ್ದಿ ತಿಳಿದಂದಿನಿಂದ ತಾಲೀಮು ಶುರುವಾಗಿತ್ತಂತೆ. ಹೊಸದು ನಿಲ್ಲದ ತಲೆಗೆ ಹೊಸದೇನನ್ನೂ ಕಲಿಸುವ ಗೋಜಿಗೆ ಅವನು ಹೋಗಲಿಲ್ಲ. ಹಳೆಯ ದಾರಿಯನ್ನೇ ಮತ್ತೆ ಮತ್ತೆ ತುಳಿಸಿದ. ಆ ಬೆಳಿಗ್ಗೆಯೂ ಪೌಡರ್ ಮುಗಿದ ಮೇಲೆ ಮಾವ ಬಾಗಿಲಿನಿಂದ ಪರಮೇಶಪ್ಪನವರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಒಳಗೆ ಬಂದ.

"ಬನ್ನಿ ಮಾವ, ಕೂತ್ಕೊಳ್ಳಿ. ಕಾರಲ್ಲಿ ಬಂದ್ರಾ, ಬಸ್ಸಲ್ಲಿ ಬಂದ್ರಾ? ಕೊಯ್ಲೆಲ್ಲ ಮುಗೀತಾ?" ಎಂದ ಹರ್ಷ.

"ಭೇಷ್. ಈಗ ಕೆಲಸ ಹೇಗಿದೆ ಅಂತೀನಿ. ಏನಂತೀಯ?"

"ನಡೀತಾ ಇದೆ ಮಾವ. ಸ್ವಲ್ಪ ದಿನ ರಜ."

"ಕುರ್ಚಿಯಿಂದ ಏಳ್ಬೇಡ, ಗೊತ್ತಾಯ್ತಾ?" ಎಂದು ಮಾವ ಅಮ್ಮನ ಕಡೆ ತಿರುಗಿದ. "ಅಕ್ಕ, ನೀನು ಅವನ ಪಕ್ಕನೇ ಕೂತ್ಕೋ. ಆಚೆ ಈಚೆ ಬಿಡ್ಬೇಡ. ಅರ್ಧ ಗಂಟೆ ಕಳೆದ್ರೆ ಮುಗೀತು."

ಮಾವ ಮತ್ತೆ ಬಾಗಿಲಾಚೆ ಹೋಗಿ ಮತ್ತೆ ಬಂದ. ಹರ್ಷ ಮತ್ತೆ ಅದೇ ನಗು ನಕ್ಕು, "ಬನ್ನಿ ಮಾವ, ಕೂತ್ಕೊಳ್ಳಿ" ಎಂದ. ಅವನ ತುಟಿಯ ಮೂಲೆಯಲ್ಲಿ ಜೊಲ್ಲು ಇಳಿಯುತ್ತಿತ್ತು. ಅಮ್ಮ ಸೆರಗಿನಲ್ಲಿ ಒರೆಸಿದಳು. ಮಾವ ಚಪ್ಪಾಳೆ ತಟ್ಟಿದ. ನನಗೆ ಹೇಸಿಗೆಯಾಯಿತು. ಜೊಲ್ಲಿಗಲ್ಲ. ಜೊಲ್ಲನ್ನು ನಾನು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಒರೆಸಿದ್ದೇನೆ. ಆ ಚಪ್ಪಾಳೆಗೆ.

ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದೆ.

"ಆ ಹುಡುಗಿಗೆ ಹೇಳದೆ ಮಾಡ್ತೀಯಲ್ಲಮ್ಮ. ಪಾಪ ಅನ್ಸಲ್ವಾ ನಿಂಗೆ?"

ಅಮ್ಮ ರವೆ ಹುರಿಯುವುದನ್ನು ನಿಲ್ಲಿಸಲಿಲ್ಲ. "ಅನ್ಸುತ್ತೆ. ಅದಕ್ಕಿಂತ ಹೆಚ್ಚು ನನ್ನ ಮಗ ಅನ್ಸುತ್ತೆ. ನಾವಿಬ್ರು ಹೋದ್ಮೇಲೆ ಅವನ ಚಡ್ಡಿ ಬದಲಾಯಿಸೋರು ಯಾರೇ? ನೀನ್ ಮಾಡ್ತೀಯಾ? ಮಾಡ್ತೀನಿ ಅನ್ನು, ಈಗ್ಲೇ ಫೋನ್ ಮಾಡಿ ಅವ್ರಿಗೆ ಬರ್ಬೇಡಿ ಅಂತೀನಿ."

ಗೋಪಾಳದ ಮನೆ, ಕಿಟಕಿಯ ಪಕ್ಕದ ಕುರ್ಚಿ, ಯಾರೂ ಹೆಸರು ಹಿಡಿದು ಕೂಗದ ಸಂಜೆ, ಎಲ್ಲ ಕಣ್ಣ ಮುಂದೆ ಬಂತು.

"ಆಗಲ್ಲ ಅಲ್ವಾ? ಹಾಗಿದ್ರೆ ಬಾಯಿ ಮುಚ್ಕೊಂಡು ದ್ರಾಕ್ಷಿ ಹುರಿ. ಕೇಸರಿಬಾತಿಗೆ ಹಾಕ್ಬೇಕು."

ದ್ರಾಕ್ಷಿ ಹುರಿದೆ. ತುಪ್ಪದಲ್ಲಿ ಅದು ಉಬ್ಬುವುದನ್ನು ನೋಡುತ್ತ, ಸಿರಿ ಗಟ್ಟಿ ಹುಡುಗಿ, ಹಳ್ಳಿಯಲ್ಲಿ ಬೆಳೆದವಳು, ಹೇಗೋ ನಿಭಾಯಿಸುತ್ತಾಳೆ ಎಂದು ನನ್ನ ಮನಸ್ಸು ನನಗೇ ಹೇಳಿತು. ಅಮ್ಮನ ಮೇಲಿದ್ದ ಹೇಸಿಗೆ ಆಗ ನನ್ನ ಮೇಲೂ ಬಂತು.

ಪರಮೇಶಪ್ಪನವರು ಮಗಳನ್ನೂ ಕರೆದುಕೊಂಡು ಬಂದರು. ಅವಳು ಬರುತ್ತಾಳೆಂದು ನಮಗೆ ಗೊತ್ತಿರಲಿಲ್ಲ. ಗಾಜನೂರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಹುಡುಗಿ, ತೆಳ್ಳಗೆ, ಮಾತು ಕಡಿಮೆ. ಹರ್ಷನ ಎದುರಿನ ಬೆಂಚಿನಲ್ಲಿ ಕೂತು ಅವನ ಮುಖವನ್ನೇ ನೋಡತೊಡಗಿದಳು.

ಹರ್ಷ ನಕ್ಕ. "ಬನ್ನಿ ಮಾವ, ಕೂತ್ಕೊಳ್ಳಿ. ಕಾರಲ್ಲಿ ಬಂದ್ರಾ, ಬಸ್ಸಲ್ಲಿ ಬಂದ್ರಾ? ಕೊಯ್ಲೆಲ್ಲ ಮುಗೀತಾ?"

"ಕಾರಲ್ಲೇ ಬಂದ್ವಪ್ಪ. ಕೊಯ್ಲು ಮುಗೀತು, ಈ ಸಲ ಕೊಳೆರೋಗ ಜಾಸ್ತಿ" ಎಂದರು ಪರಮೇಶಪ್ಪನವರು. "ಕೆಲಸ ಹೇಗಿದೆ?"

"ನಡೀತಾ ಇದೆ ಮಾವ. ಸ್ವಲ್ಪ ದಿನ ರಜ."

ಪರಮೇಶಪ್ಪನವರು ತಲೆದೂಗಿದರು. ಮಾವ ನನ್ನ ಕಡೆ ಕಣ್ಣು ಮಿಟುಕಿಸಿದ. ಅಪ್ಪ ಯಾರನ್ನೂ ನೋಡದೆ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದರು. ತಟ್ಟೆಗಳು ಬಂದವು. ಕೇಸರಿಬಾತು, ಖಾರದ ಅವಲಕ್ಕಿ. ಎಲ್ಲರೂ ತಿಂದರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಬಗ್ಗೆ ಮಾವ ಮಾತು ಎತ್ತಿದ, ಅದು ಬೇಲಿಗೆ, ಕಾಡುಹಂದಿಗೆ, ಅಲ್ಲಿಂದ ಯಾವ ಛತ್ರ ಒಳ್ಳೆಯದು ಎನ್ನುವುದಕ್ಕೆ ಹೋಯಿತು. ಎದುರಿಗೆ ಕೂತ ಹುಡುಗ ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದನೆನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ರೋಗಿಯ ಎದುರು ರೋಗದ ಮಾತಾಡಬಾರದಂತೆ, ಅದು ಸಭ್ಯತೆಯಂತೆ. ಬ್ರೆಡ್ಡು ಹಿಡಿದು ಬಂದವರಿಗೆ ಇಲ್ಲದ ಸಭ್ಯತೆ ಮದುವೆಯ ಮಾತಿಗೆ ಕೂತವರಿಗೆ ಎಲ್ಲಿಂದ ಬಂತೋ. ತುಪ್ಪ ಮೆತ್ತಿದ ಬಾಯಿಗಳು ಚಪ್ಪರಿಸುವುದನ್ನು ಕೇಳುತ್ತ ನಿಂತೆ.

ಪರಮೇಶಪ್ಪನವರು ಕೈ ಒರೆಸಿಕೊಂಡು, "ಹಾಗಿದ್ರೆ ಯುಗಾದಿ ಕಳೆದ ಮೇಲೆ ಒಂದು ದಿನ ನೋಡಿಬಿಡಣ" ಎಂದರು.

ಅಮ್ಮನ ಕಣ್ಣು ಮಿಂಚಿತು. ಆಗ ನಾನು ಸಿರಿಯನ್ನು ನೋಡಿದೆ. ಅವಳ ತಟ್ಟೆ ಮುಟ್ಟಿದಂತಿರಲಿಲ್ಲ. ಅವಳು ಹರ್ಷನ ಅಂಗಿಯ ಮೇಲಿನ ಗುಂಡಿ ನೋಡುತ್ತಿದ್ದಳು. ಮುಖದಲ್ಲಿ ಭಯವಿತ್ತು, ಆ ಭಯವನ್ನು ಹೇಳಿಕೊಳ್ಳಲು ಅಲ್ಲಿ ಅವಳಿಗೆ ಒಬ್ಬರೂ ಇರಲಿಲ್ಲ.

"ಹರ್ಷ, ಕೈಯೆಲ್ಲ ಅಂಟಾಗಿದೆ. ಹಿತ್ತಲಿಗೆ ಹೋಗಿ ತೊಳ್ಕೊಂಡ್ ಬಾ" ಎಂದೆ.

ಅಮ್ಮ ತಟ್ಟನೆ ಎದ್ದಳು. "ನಾನ್ ಕರ್ಕೊಂಡು ಹೋಗ್ತೀನಿ."

"ಬೇಡ. ಅವನೇ ಹೋಗ್ತಾನೆ." ಅವಳ ಮಣಿಕಟ್ಟು ಹಿಡಿದುಕೊಂಡೆ. ಬಳೆ ನನ್ನ ಅಂಗೈಗೆ ಒತ್ತಿತು, ಬಿಡಲಿಲ್ಲ. ಹರ್ಷ ಎದ್ದು ಹೋದ. ನಲ್ಲಿಯ ನೀರು ಬಿದ್ದ ಸದ್ದು ಕೇಳಿತು, ಆಮೇಲೆ ನಿಂತಿತು. ಮಾವ ಏನೇನೋ ಮಾತಾಡುತ್ತಿದ್ದ. ನಾನು ಮಾಡುತ್ತಿರುವುದು ಎಂಥ ಕೆಲಸ ಎಂದು ನನಗೆ ಗೊತ್ತಿತ್ತು. ತಮ್ಮನನ್ನು ಎಲ್ಲರೆದುರು ಬೆತ್ತಲೆ ಮಾಡುವ ಕೆಲಸ. ಬೇರೆ ದಾರಿ ಹೊಳೆಯಲಿಲ್ಲ.

ಹರ್ಷ ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ ಒಳಗೆ ಬಂದ. ಬೆಂಚಿನ ಮೇಲೆ ಕೂತವರನ್ನು ಕಂಡು ಅವನ ಮುಖ ಅರಳಿತು.

"ಬನ್ನಿ ಮಾವ, ಕೂತ್ಕೊಳ್ಳಿ. ಕಾರಲ್ಲಿ ಬಂದ್ರಾ, ಬಸ್ಸಲ್ಲಿ ಬಂದ್ರಾ? ಕೊಯ್ಲೆಲ್ಲ ಮುಗೀತಾ?"

ಮುಗಿಯಿತು ಎಂದುಕೊಂಡೆ. ಪರಮೇಶಪ್ಪನವರು ಅವನನ್ನು ನೋಡಿದರು, ತಮ್ಮ ಖಾಲಿ ತಟ್ಟೆಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಕಾರಲ್ಲೇ ಬಂದ್ವಪ್ಪ" ಎಂದರು. "ಕೊಯ್ಲು ಮುಗೀತು. ಈ ಸಲ ಕೊಳೆರೋಗ ಜಾಸ್ತಿ."

ಮಾವ ಜೋರಾಗಿ ನಕ್ಕ. "ನೋಡಿ, ಎಷ್ಟು ಮರ್ಯಾದೆ ಹುಡುಗಂಗೆ. ಎಷ್ಟು ಸಲ ಬಂದ್ರೂ ಮಾತಾಡ್ಸದೆ ಇರಲ್ಲ."

ಪರಮೇಶಪ್ಪನವರೂ ನಕ್ಕರು. ಆ ನಗು ನೋಡಿದ ಮೇಲೆ ನನಗೆ ಎಲ್ಲ ತಿಳಿಯಿತು. ಅವರಿಗೆ ಗೊತ್ತಿತ್ತು. ಇವತ್ತಲ್ಲ, ಎಂದೋ ಗೊತ್ತಾಗಿತ್ತು. ನಿಶ್ಚಿತಾರ್ಥ ಮುರಿದ ಮಗಳನ್ನು ಮನೆಯಲ್ಲಿಟ್ಟುಕೊಂಡು ಊರಿಗೆ ಉತ್ತರ ಹೇಳುವುದಕ್ಕಿಂತ, ಒಂದೇ ಪ್ರಶ್ನೆಗೆ ಎರಡು ಸಲ ಉತ್ತರ ಹೇಳುವುದು ಅವರಿಗೆ ಸುಲಭವಾಗಿತ್ತು. ನಮ್ಮವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಒದ್ದಾಡುತ್ತಿದ್ದರೆ ಈ ಮನುಷ್ಯ ಮೋಸ ಹೋಗಲು ಮಡಿಬಟ್ಟೆ ಉಟ್ಟು ಕಾರು ಮಾಡಿಕೊಂಡು ಬಂದಿದ್ದ. ಉಗುಳಬೇಕೆನಿಸಿತು.

"ಅಕ್ಕ" ಎಂದಳು ಸಿರಿ. "ಡಾಕ್ಟರ್ ಏನ್ ಹೇಳಿದಾರೆ?"

"ಸಿರಿ, ಸುಮ್ನಿರು" ಎಂದರು ಪರಮೇಶಪ್ಪನವರು.

"ಅಕ್ಕನ್ನ ಕೇಳ್ತಿದೀನಿ ಅಪ್ಪ. ದಿನಾ ಫೋನಲ್ಲಿ ಒಂದೇ ಮಾತು ಅಕ್ಕ. ಊಟ ಆಯ್ತಾ, ಗಾಜನೂರಲ್ಲಿ ಮಳೆನಾ. ಬಿಸಿಲು ಸುಡ್ತಿದ್ರೂ ಮಳೆನಾ ಅಂತಾರೆ. ಅಪ್ಪಂಗೆ ಹೇಳ್ದೆ, ನಾಚಿಕೆ ಸ್ವಭಾವ ಇರ್ಬೇಕು ಅಂದ್ರು. ನೀವು ಹೇಳಿ. ನೀವು ಹೇಳಿದ್ದನ್ನ ನಂಬ್ತೀನಿ."

ಆ ಮನೆಯಲ್ಲಿ ತಿಂಗಳುಗಟ್ಟಲೆ ಯಾರೂ ಕೇಳದ ಪ್ರಶ್ನೆ ಅದು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಹೇಳಿದ್ದನ್ನು ಕಣ್ಣಲ್ಲೇ ಮತ್ತೆ ಹೇಳುತ್ತಿದ್ದಳು. ಗೋಪಾಳದ ಕುರ್ಚಿಯ ಆಸೆ ನನಗೆ ಆಗಲೂ ಹೋಗಿರಲಿಲ್ಲ. ಆದರೂ ಹೇಳಿದೆ. ಹರಿದ ಎಳೆಗಳ ವಿಷಯ ಹೇಳಿದೆ, ಅದಕ್ಕೆ ಔಷಧಿ ಇಲ್ಲದ್ದು ಹೇಳಿದೆ. ಹೊಸದೇನೂ ನೆನಪು ನಿಲ್ಲುವುದಿಲ್ಲ, ಸ್ವಲ್ಪ ಸುಧಾರಿಸಬಹುದು, ಪೂರ್ತಿ ಅಲ್ಲ ಎಂದೆ. ಹೊಡೆಯುತ್ತಾನೆ, ಹೊಡೆದದ್ದು ಅವನಿಗೆ ಗೊತ್ತಿರುವುದಿಲ್ಲ ಎಂದೆ. ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾನೆ, ಸದಾ ಒಬ್ಬರು ಜೊತೆಗಿರಬೇಕು, ನಿನ್ನನ್ನು ಅದಕ್ಕೇ ತಂದುಕೊಳ್ಳುತ್ತಿದ್ದಾರೆ ಎಂದೆ.

ಹರ್ಷ ಕುರ್ಚಿಯ ತುದಿಯಲ್ಲಿ ಕೂತು ಗಮನವಿಟ್ಟು ಕೇಳಿಸಿಕೊಂಡ. ಅವನ ಹುಬ್ಬು ಗಂಟಿಕ್ಕಿತ್ತು.

"ಯಾರ ವಿಷ್ಯ ಅಕ್ಕ?" ಎಂದು ಕೇಳಿದ. "ಪಾಪ, ಯಾರಿಗೆ ಹೀಗಾಗಿದ್ದು?"

ಅದಕ್ಕೆ ನಾನು ತಯಾರಾಗಿರಲಿಲ್ಲ. ಅಪ್ಪ ಪಂಚೆಯಿಂದ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಾವ ಫಿಲ್ಮಿನ ಕವರ್ ತೆಗೆದುಕೊಂಡು, "ಹೆಂಗಸ್ರ ಮಾತು ಬಿಡಿ ಯಜಮಾನ್ರೆ, ಸ್ಕ್ಯಾನ್ ನೋಡಿ" ಎಂದು ಪರಮೇಶಪ್ಪನವರ ಮುಂದೆ ಹಿಡಿದ. ಅವರು ನಿಜವಾಗಿಯೂ ಕೈಚಾಚಿದರು.

ಸಿರಿ ಎದ್ದು ನಿಂತಳು. ಬೆರಳಿನ ಉಂಗುರ ತೆಗೆದು ಅಮ್ಮನ ಪಕ್ಕದಲ್ಲಿಟ್ಟಳು. ಹರ್ಷನ ಹತ್ತಿರ ಬಂದು, "ನಾನ್ ಹೋಗ್ಬರ್ತೀನಿ" ಎಂದಳು. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು.

"ಊಟ ಮಾಡ್ಕೊಂಡ್ ಹೋಗ್ಬಹುದಿತ್ತು" ಎಂದ ಹರ್ಷ. "ಆಗಾಗ ಬರ್ತಾ ಇರಿ."

ಅವಳು ಕಾರಿನಲ್ಲಿ ಹೋಗಿ ಕೂತಳು. ಪರಮೇಶಪ್ಪನವರು ಇನ್ನೂ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ಮಾವನ ಜೊತೆ ಗುಸುಗುಸು ಮಾತಾಡಿದರು. ಕೊನೆಗೆ ಕಾರಿನಿಂದ ಹಾರನ್ ಕೇಳಿಸಿತು, ಬಿಡದೆ ಕೇಳಿಸಿತು. ಅವರು ನನ್ನನ್ನು ಶನಿಯನ್ನು ನೋಡುವ ಹಾಗೆ ನೋಡಿ ಹೊರಟರು.

ಅಮ್ಮ ನನ್ನನ್ನು ಬೈಯಲಿಲ್ಲ. ಬೀರು ತೆಗೆದು ಹರ್ಷನ ಬಟ್ಟೆಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕಿದಳು. ಮಾತ್ರೆಗಳನ್ನು ಹಾಕಿದಳು, ಪ್ಲಾಸ್ಟಿಕ್ ಹಾಳೆಯನ್ನು ಮಡಿಸಿ ಹಾಕಿದಳು. ಜಿಪ್ ಎಳೆದು ನನ್ನ ಕಾಲ ಬಳಿ ಇಟ್ಟಳು.

"ನಿಜ ಹೇಳಿದೀಯಲ್ಲ. ಕರ್ಕೊಂಡ್ ಹೋಗು."

ಬೇಡವೆನ್ನಬಹುದಿತ್ತು. ಸ್ಕೂಲಿದೆ, ಹಗಲು ಯಾರು ನೋಡಿಕೊಳ್ಳುತ್ತಾರೆ ಎನ್ನಬಹುದಿತ್ತು. ಅನ್ನಲಿಲ್ಲ. ರಿಜ್ವಾನನಿಗೆ ಫೋನ್ ಮಾಡಿದೆ. ಅವನು ಓಮ್ನಿ ತಂದ. ಅಮ್ಮ ಗೇಟಿನವರೆಗೂ ಬರಲಿಲ್ಲ. ಒಳಗೆ ಅವಳು ಗೋಳಾಡುವುದು ಗಾಡಿ ಹತ್ತಿದ ಮೇಲೂ ಕೇಳುತ್ತಿತ್ತು, ನಡುವೆ ಮಾವ ಕೇಸರಿಬಾತು ಮಿಕ್ಕಿದೆಯಾ ಎಂದು ಕೇಳುವುದೂ ಕೇಳಿತು.

ಕಾಗದನಗರದ ಕಮಾನು ದಾಟುವಾಗ ಹರ್ಷ ನನ್ನ ಕಡೆ ತಿರುಗಿದ.

"ಅಕ್ಕ, ಸಿರಿ ಯಾವಾಗ ಬರ್ತಾಳೆ? ಮದುವೆ ಡೇಟು ನೋಡ್ಬೇಕಲ್ಲ."

ಅವನ ಕೈ ಹಿಡಿದುಕೊಂಡು ಹೇಳಿದೆ. ಮದುವೆ ನಿಂತುಹೋಯಿತು, ನಿನ್ನ ತಲೆಗೆ ಪೆಟ್ಟಾಗಿದೆ, ಅವಳದ್ದೇನೂ ತಪ್ಪಿಲ್ಲ ಎಂದೆ. ಮೊದಲು ನಂಬಲಿಲ್ಲ. ಆಮೇಲೆ, "ನಾನೇನ್ ಮಾಡ್ದೆ ಅಕ್ಕ?" ಎಂದು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಸಿಂಬಳವನ್ನು ನನ್ನ ಸೆರಗಿಗೆ ಒರೆಸಿದ. ಅತ್ತು ಸುಸ್ತಾಗಿ ಕಿಟಕಿಗೆ ತಲೆಯಾನಿಸಿದ. ಸತ್ಯ ಹೇಳಿದ್ದೇನೆ, ಒಂದಲ್ಲ ಒಂದು ದಿನ ಕೇಳಬೇಕಾದದ್ದೇ ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ.

ಮಾಚೇನಹಳ್ಳಿಯಲ್ಲಿ ಅವನು ತಲೆಯೆತ್ತಿದ. ಕೆನ್ನೆ ಇನ್ನೂ ಒಣಗಿರಲಿಲ್ಲ.

"ಅಕ್ಕ, ಸಿರಿ ಯಾವಾಗ ಬರ್ತಾಳೆ?"

ಮತ್ತೆ ಹೇಳಿದೆ. ಈ ಸಲ ಇನ್ನೂ ಮೆತ್ತಗೆ, ಸುತ್ತಿ ಬಳಸಿ ಹೇಳಿದೆ. ಅವನಿಗೆ ಅದು ಹೊಸ ಸುದ್ದಿ. "ನಾನೇನ್ ಮಾಡ್ದೆ ಅಕ್ಕ?" ಎಂದು ಅಷ್ಟೇ ಅತ್ತ, ಅದೇ ಸೆರಗಿಗೆ ಮುಖ ಒರೆಸಿದ. ಹಿಂದಿನ ಅಳುವಿನಿಂದ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ರಿಜ್ವಾನ್ ಗಾಡಿ ನಿಧಾನ ಮಾಡಿದ.

ತುಂಗಾ ಸೇತುವೆಯ ಮೇಲೆ ಮೂರನೆಯ ಸಲ ಕೇಳಿದ. ಅದೇ ದನಿ, ಅದೇ ಆಸೆಯ ಮುಖ.

"ಅವ್ರ ಮನೇಲಿ ಸೂತಕ ಕಣೋ" ಎಂದೆ. "ಸಿರಿ ಅಜ್ಜಿ ತೀರ್ಕೊಂಡ್ರು. ಮದುವೆ ಸ್ವಲ್ಪ ಮುಂದಕ್ಕೆ ಹಾಕಿದಾರೆ."

ಎಲ್ಲಿಂದ ಬಂತು ಆ ಮಾತು ಎಂದು ನನಗೆ ತಿಳಿಯಲಿಲ್ಲ. ತಡವರಿಸದೆ ಬಂತು. ಸಿರಿಗೆ ಅಜ್ಜಿ ಇದ್ದಾಳೋ ಇಲ್ಲವೋ ನನಗೆ ಗೊತ್ತೂ ಇರಲಿಲ್ಲ.

"ಅಯ್ಯೋ ಪಾಪ" ಎಂದ ಹರ್ಷ. "ನಾವು ಮಾತಾಡ್ಸಕ್ಕೆ ಹೋಗ್ಬೇಕಲ್ವಾ?"

"ಹೋಗಣ ಮಾರಾಯ" ಎಂದ ರಿಜ್ವಾನ್, ರಸ್ತೆಯಿಂದ ಕಣ್ಣು ತೆಗೆಯದೆ. "ಕಾರ್ಯ ಎಲ್ಲ ಕಳೀಲಿ. ನಾನೇ ಗಾಡಿ ತರ್ತೀನಿ."

ಹರ್ಷ ಸಮಾಧಾನದಿಂದ ಸೀಟಿಗೆ ಒರಗಿ, ಹೊಳೆಯಲ್ಲಿ ಬಟ್ಟೆ ಒಗೆಯುವವರನ್ನು ನೋಡುತ್ತ ಕೂತ. ಅಮ್ಮನ ಮೇಲೆ, ಮಾವನ ಮೇಲೆ, ಆ ಪರಮೇಶಪ್ಪನ ಮೇಲೆ ಬೆಳಿಗ್ಗೆಯಿಂದ ಬಂದ ಹೇಸಿಗೆಯೆಲ್ಲ ಒಟ್ಟಾಗಿ ನನ್ನ ಗಂಟಲಿಗೆ ಬಂತು. ಅದನ್ನು ನುಂಗಿಕೊಂಡೆ. ಅವನು ಇನ್ನೇನು ಮತ್ತೆ ಕೇಳುತ್ತಾನೆ. ಗೋಪಾಳ ತಲುಪುವಷ್ಟರಲ್ಲಿ ಆ ಅಜ್ಜಿಗೆ ಏನಾಗಿತ್ತು, ಎಷ್ಟು ದಿನ ಹಾಸಿಗೆ ಹಿಡಿದಿದ್ದಳು ಎನ್ನುವುದನ್ನೆಲ್ಲ ಯೋಚಿಸಿ ಇಟ್ಟುಕೊಂಡೆ.